ಲ್ಯಾಪ್‌ಟಾಪ್ ತೆಳ್ಳಗಾಯ್ತು, ಬ್ಯಾಗ್ ದಪ್ಪಗಾಯ್ತು

ಯಾವುದಾದರೂ ಚಾನೆಲ್‌ನ ಜಿಲ್ಲಾ ವರದಿಗಾರನ ಬ್ಯಾಗನ್ನು ಒಮ್ಮೆ ಬಿಚ್ಚಿ ನೋಡಿ. ಲ್ಯಾಪ್‌ಟಾಪ್ ಇರುತ್ತೆ. ತೆಳ್ಳಗೆ, ನುಣ್ಣಗೆ, ನೋಡೋಕೆ ಬಲು ಚೆಂದ. ಅದರ ಜೊತೆ ಇನ್ನೇನಿರುತ್ತೆ ಗೊತ್ತಾ? ಕ್ಯಾಮೆರಾದ ಎಸ್‌ಡಿ ಕಾರ್ಡ್ ಹಾಕೋಕೆ ಒಂದು ಕಾರ್ಡ್ ರೀಡರ್. ಪೆನ್‌ಡ್ರೈವ್ ಚುಚ್ಚೋಕೆ ಒಂದು ಹಬ್. ಟಿವಿಗೋ ಪ್ರೊಜೆಕ್ಟರ್‌ಗೋ ಜೋಡಿಸೋಕೆ ಒಂದು ಎಚ್‌ಡಿಎಂಐ ಕನ್ವರ್ಟರ್. ವೈಫೈ ಕೈಕೊಟ್ಟಾಗ ಲ್ಯಾನ್ ಕೇಬಲ್ ಸಿಕ್ಕಿಸೋಕೆ ಇನ್ನೊಂದು ಕನ್ವರ್ಟರ್. ಬ್ಯಾಟರಿ ಮುಗಿದರೆ ಅಂತ ಇಟ್ಟಿಗೆ ಗಾತ್ರದ ಪವರ್ ಬ್ಯಾಂಕ್. ಇಷ್ಟನ್ನೂ ಹಾಕಿಕೊಳ್ಳೋಕೆ ಬ್ಯಾಗಿನೊಳಗೆ ಇನ್ನೊಂದು ಚೀಲ.

ಇದರಲ್ಲಿ ಒಂದು ಮರೆತರೂ ಕಥೆ ಮುಗೀತು. ಏಳು ಗಂಟೆ ಬುಲೆಟಿನ್‌ಗೆ ಹೋಗಬೇಕಾದ ವಿಡಿಯೋ ಆರೂ ಮುಕ್ಕಾಲಕ್ಕೂ ಕ್ಯಾಮೆರಾ ಕಾರ್ಡಿನಲ್ಲೇ ಕೂತಿರುತ್ತೆ. ಆಗ ನಮ್ಮ ಹುಡುಗ ಪಕ್ಕದಲ್ಲಿ ನಿಂತ ಎದುರಾಳಿ ಚಾನೆಲ್‌ನವನ ಹತ್ತಿರ ಹೋಗಿ, "ಗುರೂ, ಐದು ನಿಮಿಷ ಕಾರ್ಡ್ ರೀಡರ್ ಕೊಡೋ" ಅಂತಾನೆ. ಬೈಟ್ ತೆಗೆದುಕೊಳ್ಳುವಾಗ ಮೈಕ್‌ಗೆ ಮೈಕ್ ಗುದ್ದಿಸುವವರು ಕಾರ್ಡ್ ರೀಡರ್ ವಿಷಯದಲ್ಲಿ ಮಾತ್ರ ಅಣ್ಣ ತಮ್ಮಂದಿರು. ಹತ್ತು ವರ್ಷದ ಹಿಂದೆ ಇದ್ದ ಲ್ಯಾಪ್‌ಟಾಪ್‌ನಲ್ಲಿ ಆ ಕಾರ್ಡ್ ಹಾಕೋ ಸೀಳು ಪಕ್ಕದಲ್ಲೇ ಇತ್ತು. ಹೊಸದರಲ್ಲಿ ಇಲ್ಲ. ಯಾಕೆ ಇಲ್ಲ ಅಂದ್ರೆ, ಹೊಸದು ಸ್ಲಿಮ್!

ನಾನು ಓದಿದ್ದು ಮೆಕ್ಯಾನಿಕಲ್ ಇಂಜಿನಿಯರಿಂಗ್, ಮಾಡ್ತಿರೋದು ಸುದ್ದಿ ಓದುವ ಕೆಲಸ. ಎರಡಕ್ಕೂ ಏನು ಸಂಬಂಧ ಅಂತ ನಮ್ಮ ತಂದೆ ಇವತ್ತಿಗೂ ಬೇಜಾರು ಮಾಡಿಕೊಳ್ತಾರೆ. ಇವತ್ತು ಆ ಓದನ್ನು ಸ್ವಲ್ಪ ಬಳಸಿಕೊಳ್ಳೋಣ. ಯಾಕೆಂದರೆ ಲ್ಯಾಪ್‌ಟಾಪ್ ತೆಳ್ಳಗಾಗಬೇಕು ಅನ್ನೋ ಹಠಕ್ಕೆ ನಾವು ಏನೇನು ಬೆಲೆ ಕಟ್ತಿದ್ದೀವಿ ಅನ್ನೋದು ಜಾಹೀರಾತಿನಲ್ಲಿ ಕಾಣಲ್ಲ, ಲೆಕ್ಕ ಹಾಕಿದರೆ ಕಾಣುತ್ತೆ.

ಈ ಹುಚ್ಚು ಶುರುವಾಗಿದ್ದು ಎಲ್ಲಿಂದ? 2008ರ ಜನವರಿ 15. ಸ್ಯಾನ್ ಫ್ರಾನ್ಸಿಸ್ಕೋದ ವೇದಿಕೆ ಮೇಲೆ ಸ್ಟೀವ್ ಜಾಬ್ಸ್ ಒಂದು ಆಫೀಸ್ ಲಕೋಟೆ ಹಿಡಿದು ಬಂದರು. ಅದರೊಳಗಿಂದ ಒಂದು ಲ್ಯಾಪ್‌ಟಾಪ್ ಎಳೆದು ತೆಗೆದರು. ಮ್ಯಾಕ್‌ಬುಕ್ ಏರ್. ಜನ ಕುಣಿದಾಡಿಬಿಟ್ಟರು. ಆ ಯಂತ್ರದ ದಪ್ಪ ಹಿಂಬದಿಯಲ್ಲಿ 19.4 ಮಿಲಿಮೀಟರ್, ಮುಂದಿನ ಅಂಚಿನಲ್ಲಿ ಬರೀ 4 ಮಿಲಿಮೀಟರ್. ಜಾಹೀರಾತಿನ ಫೋಟೋದಲ್ಲಿ ನೀವು ನೋಡಿದ್ದು ಆ 4 ಮಿಲಿಮೀಟರ್‌ನ ಅಂಚು. ಇವತ್ತಿಗೂ ಅಷ್ಟೇ, ಯಾವುದೇ ಕಂಪನಿಯ ಜಾಹೀರಾತು ತೆಗೆದುಕೊಳ್ಳಿ, ಲ್ಯಾಪ್‌ಟಾಪ್ ಯಾವತ್ತೂ ನೇರವಾಗಿ ನಿಮ್ಮ ಕಡೆ ನೋಡಲ್ಲ. ಮದುವೆ ಫೋಟೋದಲ್ಲಿ ಹೊಟ್ಟೆ ಕಾಣದ ಹಾಗೆ ಓರೆಯಾಗಿ ನಿಲ್ಲುವ ಮದುಮಗನಂತೆ ಓರೆಯಾಗೇ ನಿಂತಿರುತ್ತೆ.

ಆ ಲಕೋಟೆಯಲ್ಲಿ ಹಿಡಿಸೋಕೆ ಏನೇನು ಬಿಟ್ಟಿದ್ದರು? ಡಿವಿಡಿ ಡ್ರೈವ್ ಇಲ್ಲ. ಲ್ಯಾನ್ ಪೋರ್ಟ್ ಇಲ್ಲ, ಬೇಕಿದ್ದರೆ 29 ಡಾಲರ್ ಕೊಟ್ಟು ಬೇರೆ ಅಡಾಪ್ಟರ್ ತಗೋಬೇಕು. ಯುಎಸ್‌ಬಿ ಒಂದೇ ಒಂದು. ಬ್ಯಾಟರಿ ನೀವು ತೆಗೆಯುವ ಹಾಗಿಲ್ಲ. ರ‍್ಯಾಮ್ ಬೋರ್ಡಿಗೇ ಬೆಸುಗೆ. ಆವತ್ತು ಇದು ಒಂದು ವಿಶೇಷ ಯಂತ್ರ, ವಾರಕ್ಕೆ ನಾಲ್ಕು ಸಲ ವಿಮಾನ ಹತ್ತುವವರಿಗೆ ಅಂತ ಮಾಡಿದ್ದು. ತೊಂದರೆ ಇಲ್ಲ, ಬೇಕಾದವರು ತಗೊಳ್ಳಲಿ. ಆದರೆ ಆಮೇಲೆ ಆಗಿದ್ದೇನು ಅಂದ್ರೆ, ವಿಶೇಷವಾಗಿದ್ದದ್ದೇ ಎಲ್ಲರ ಮಾದರಿ ಆಗಿಬಿಟ್ಟಿತು. 2011ರಲ್ಲಿ ಇಂಟೆಲ್ ಕಂಪನಿ 'ಅಲ್ಟ್ರಾಬುಕ್' ಅನ್ನೋ ಹೆಸರು ತಂದಿತು. ಅದಕ್ಕಾಗಿಯೇ 30 ಕೋಟಿ ಡಾಲರ್ ನಿಧಿ ಇಟ್ಟಿತು. ಆ ಹೆಸರು ಅಂಟಿಸಿಕೊಳ್ಳಬೇಕಾದರೆ 13 ಇಂಚಿನ ಯಂತ್ರ 18 ಮಿಲಿಮೀಟರ್ ಮೀರುವ ಹಾಗಿಲ್ಲ, 14 ಇಂಚು ಮತ್ತು ಮೇಲಿನದು 21 ಮಿಲಿಮೀಟರ್ ಮೀರುವ ಹಾಗಿಲ್ಲ. ನೋಡಿ, ಸ್ಕೇಲ್ ಹಿಡಿದು ಅಳೆದದ್ದು ದಪ್ಪವನ್ನ. ಎಷ್ಟು ಪೋರ್ಟ್ ಇರಬೇಕು, ಐದು ವರ್ಷ ಆದಮೇಲೆ ಬ್ಯಾಟರಿಯನ್ನ ಯಾರು ಬದಲಾಯಿಸಬೇಕು, ಇದನ್ನ ಅಳೆಯೋಕೆ ಯಾವ ಸ್ಕೇಲೂ ಬರಲಿಲ್ಲ.

ಈಗ ಲೆಕ್ಕಕ್ಕೆ ಬರೋಣ. ಒಂದು ಸಾಮಾನ್ಯ 14 ಇಂಚಿನ ಲ್ಯಾಪ್‌ಟಾಪ್ ತಗೊಳ್ಳಿ. ಅಗಲ ಸುಮಾರು 31 ಸೆಂಟಿಮೀಟರ್, ಆಳ ಸುಮಾರು 22 ಸೆಂಟಿಮೀಟರ್. ಅದನ್ನ ಒಂದೇ ಒಂದು ಮಿಲಿಮೀಟರ್ ದಪ್ಪ ಮಾಡಿದ್ರಿ ಅಂದುಕೊಳ್ಳಿ. ಎಷ್ಟು ಜಾಗ ಸಿಕ್ತು? ಹತ್ತಿರ ಹತ್ತಿರ 68 ಘನ ಸೆಂಟಿಮೀಟರ್. ಅದರಲ್ಲಿ ಅರ್ಧವನ್ನ ಮಾತ್ರ ಬ್ಯಾಟರಿಗೆ ಕೊಡಿ, 34. ಈಗಿನ ಲಿಥಿಯಂ ಬ್ಯಾಟರಿಯಲ್ಲಿ ಒಂದು ಘನ ಸೆಂಟಿಮೀಟರ್‌ಗೆ ಅರ್ಧ ವ್ಯಾಟ್-ಅವರ್ ಶಕ್ತಿ ಸಲೀಸಾಗಿ ಕೂರುತ್ತೆ. ಅಂದರೆ 17 ವ್ಯಾಟ್-ಅವರ್ ಹೆಚ್ಚಾಯ್ತು. ನಿಮ್ಮ ಲ್ಯಾಪ್‌ಟಾಪ್ ಬ್ಯಾಟರಿಯ ಅಡಿಯಲ್ಲಿ ಬರೆದಿರೋದನ್ನ ಓದಿ, ಬಹಳಷ್ಟರಲ್ಲಿ 50 ವ್ಯಾಟ್-ಅವರ್ ಆಸುಪಾಸಿನಲ್ಲಿರುತ್ತೆ. ಹಾಗಾದರೆ ಒಂದು ಮಿಲಿಮೀಟರ್‌ಗೆ ಬ್ಯಾಟರಿ ಮೂರನೇ ಒಂದು ಭಾಗ ಹೆಚ್ಚಾಗುತ್ತೆ. ಟೈಪಿಂಗ್, ಬ್ರೌಸಿಂಗ್‌ನಂಥ ಸಣ್ಣ ಕೆಲಸಕ್ಕೆ ಯಂತ್ರ 8 ವ್ಯಾಟ್ ಎಳೆಯುತ್ತೆ ಅಂದುಕೊಂಡರೆ ಎರಡು ಗಂಟೆ ಹೆಚ್ಚುವರಿ. ತೂಕ ಎಷ್ಟು ಹೆಚ್ಚಾಯ್ತು? ಸುಮಾರು 70 ಗ್ರಾಂ. ಎರಡು ಸಣ್ಣ ಇಡ್ಲಿ ತೂಕ ಸ್ವಾಮಿ!

ಎರಡು ಗಂಟೆ ಅಂದ್ರೆ ನಗರದ ಕಾಫಿ ಶಾಪ್‌ನಲ್ಲಿ ಕೂತವರಿಗೆ ಏನೂ ಅಲ್ಲ, ಟೇಬಲ್ ಪಕ್ಕದಲ್ಲೇ ಪ್ಲಗ್ ಇದೆ. ಸಂಜೆ ಹೊತ್ತು ಕರೆಂಟ್ ಹೋಗುವ ಊರಿನಲ್ಲಿ ಅಸೈನ್‌ಮೆಂಟ್ ಬರೆಯುತ್ತಿರುವ ಹುಡುಗಿಗೆ ಕೇಳಿ ಎರಡು ಗಂಟೆಯ ಬೆಲೆ ಏನು ಅಂತ.

ಇನ್ನು ಶಾಖದ ವಿಷಯ. ಇಲ್ಲಿ ಸ್ವಲ್ಪ ಕ್ಲಾಸ್‌ರೂಮ್‌ಗೆ ಹೋಗಲೇಬೇಕು, ಬೇಜಾರಾಗಬೇಡಿ. ಎರಡು ತಟ್ಟೆಗಳ ನಡುವಿನ ಕಿರಿದಾದ ಸಂದಿನಲ್ಲಿ ಗಾಳಿ ಹರಿಸೋಕೆ ಬೇಕಾದ ಬಲ ಆ ಸಂದಿನ ಅಗಲದ ಘನಕ್ಕೆ ಸಂಬಂಧಪಟ್ಟದ್ದು. ಬಿಡಿಸಿ ಹೇಳ್ತೀನಿ. ಗಾಳಿ ಸದ್ದಿಲ್ಲದೆ ನಿಧಾನವಾಗಿ ಹರಿಯುವಾಗ, ಸಂದು ಅರ್ಧ ಆದರೆ ಪ್ರತಿರೋಧ ಎರಡು ಪಟ್ಟು ಆಗಲ್ಲ, ಎಂಟು ಪಟ್ಟು ಆಗುತ್ತೆ. ಆದ್ದರಿಂದ ತೆಳು ಲ್ಯಾಪ್‌ಟಾಪ್‌ನಲ್ಲಿ ಫ್ಯಾನ್ ಚಿಕ್ಕದು, ಗಾಳಿ ಹೋಗುವ ದಾರಿ ಕಿರಿದು, ಇರುವ ಗಾಳಿಯನ್ನೇ ತಳ್ಳೋಕೆ ಫ್ಯಾನ್ ಜೋರಾಗಿ ತಿರುಗಬೇಕು. ಅದಕ್ಕೇ ನೀವು ಒಂದು ದೊಡ್ಡ ಫೈಲ್ ತೆರೆದ ಕೂಡಲೇ ಮಿಕ್ಸಿ ಸದ್ದು ಬರೋದು. ಶಾಖ ಹೊರಗೆ ಹೋಗಲಿಲ್ಲ ಅಂದ್ರೆ ಪ್ರೊಸೆಸರ್ ತನ್ನನ್ನು ತಾನು ಕಾಪಾಡಿಕೊಳ್ಳೋಕೆ ವೇಗ ಇಳಿಸುತ್ತೆ. ಡಬ್ಬಿ ಮೇಲೆ ಬರೆದ ವೇಗಕ್ಕೆ ದುಡ್ಡು ಕೊಟ್ಟಿದ್ದೀರಿ, ಸಿಗೋದು ಡಬ್ಬಿಯೊಳಗಿನ ಗಾಳಿ ಬಿಟ್ಟಷ್ಟು ವೇಗ. ಒಂದೇ ಹೆಸರಿನ, ಒಂದೇ ನಂಬರಿನ ಪ್ರೊಸೆಸರ್ ಎರಡು ಲ್ಯಾಪ್‌ಟಾಪ್‌ಗಳಲ್ಲಿ ಬೇರೆ ಬೇರೆ ಥರ ಓಡೋದು ಇದೇ ಕಾರಣಕ್ಕೆ. 2018ರ ಜುಲೈನಲ್ಲಿ ಆಪಲ್ ತನ್ನ 15 ಇಂಚಿನ ಮ್ಯಾಕ್‌ಬುಕ್ ಪ್ರೋಗೆ ಕೋರ್ ಐ9 ಪ್ರೊಸೆಸರ್ ಹಾಕಿ ಬಿಟ್ಟಾಗ, ವಿಡಿಯೋ ಎಡಿಟ್ ಮಾಡುವವರು ಹಿಡಿದು ತೋರಿಸಿದರು, ಬಿಸಿಯಾದರೆ ಇದು ತನ್ನ ಮೂಲ ವೇಗಕ್ಕಿಂತಲೂ ಕೆಳಗಿಳಿಯುತ್ತೆ ಅಂತ. ಕೆಲವೇ ದಿನಗಳಲ್ಲಿ ಕಂಪನಿ ಸಾಫ್ಟ್‌ವೇರ್‌ನಲ್ಲಿ ದೋಷ ಇತ್ತು ಅಂತ ಹೇಳಿ ತಿದ್ದುಪಡಿ ಕೊಟ್ಟಿತು.

ನಮ್ಮ ಕಲಬುರಗಿ, ರಾಯಚೂರಿನ ಬೇಸಿಗೆಯನ್ನ ಇದಕ್ಕೆ ಸೇರಿಸಿ. ಪ್ರೊಸೆಸರ್ ತಡೆದುಕೊಳ್ಳೋದು ಸಾಮಾನ್ಯವಾಗಿ 100 ಡಿಗ್ರಿವರೆಗೆ. ಎಸಿ ರೂಮಿನ ಉಷ್ಣತೆ 25 ಅಂದ್ರೆ ನಡುವೆ 75 ಡಿಗ್ರಿ ಅಂತರ ಇದೆ. ಶಾಖ ಹೊರಗೆ ಹರಿಯೋದು ಈ ಅಂತರದ ಬಲದಿಂದಲೇ. ಮೇ ತಿಂಗಳ ಮಧ್ಯಾಹ್ನ ಎಸಿ ಇಲ್ಲದ ಮನೆಯಲ್ಲಿ 42 ಡಿಗ್ರಿ ಇದ್ದರೆ? ಅಂತರ 58ಕ್ಕೆ ಇಳೀತು. ಅದೇ ಯಂತ್ರ ಹೊರಹಾಕಬಲ್ಲ ಶಾಖ ಹತ್ತಿರ ಹತ್ತಿರ ಕಾಲು ಭಾಗ ಕಡಿಮೆ ಆಯ್ತು. ಮೇಲೆ ಧೂಳು. ಆ ಕಿರಿದಾದ ಸಂದಿಗೆ ಒಂದು ಪದರ ಧೂಳು ಕೂತರೆ ಎಂಟು ಪಟ್ಟಿನ ಲೆಕ್ಕ ಮತ್ತೆ ಶುರು. ದಪ್ಪ ಯಂತ್ರದಲ್ಲೂ ಧೂಳು ಕೂರುತ್ತೆ, ಆದರೆ ಅದಕ್ಕೆ ಕಳೆದುಕೊಳ್ಳೋಕೆ ಸ್ವಲ್ಪ ಜಾಗ ಇರುತ್ತೆ. ತೆಳುವಿಗೆ ಅದೂ ಇಲ್ಲ.

ಘನದ ಲೆಕ್ಕ ಇನ್ನೊಂದು ಕಡೆಯೂ ಬರುತ್ತೆ. ಒಂದು ಹಲಗೆ ಬಾಗದೆ ನಿಲ್ಲುವ ಶಕ್ತಿ ಅದರ ದಪ್ಪದ ಘನಕ್ಕೆ ತಕ್ಕಂತೆ. ಮೂರು ಮಿಲಿಮೀಟರ್ ಹಲಗೆಯನ್ನ ಎರಡು ಮಿಲಿಮೀಟರ್ ಮಾಡಿದರೆ ಗಟ್ಟಿತನ ಮೂರನೇ ಎರಡು ಭಾಗ ಉಳಿಯಲ್ಲ, ಮೂರನೇ ಒಂದು ಭಾಗವೂ ಪೂರ್ತಿ ಉಳಿಯಲ್ಲ. ಲ್ಯಾಪ್‌ಟಾಪ್ ಮುಚ್ಚಳದ ಮೂಲೆ ಹಿಡಿದು ಎತ್ತಿದಾಗ ಅದು ಹಪ್ಪಳದ ಹಾಗೆ ಬಳುಕುತ್ತಲ್ಲ, ಇದೇ ಅದು. ಮುಚ್ಚಿದಾಗ ಸ್ಕ್ರೀನ್‌ಗೂ ಕೀಬೋರ್ಡ್‌ಗೂ ನಡುವೆ ಕೂದಲೆಳೆಯ ಸಂದು. ನಡುವೆ ಒಂದು ಇಯರ್‌ಫೋನ್ ಉಳಿದುಕೊಂಡಿತೋ, ಸ್ಕ್ರೀನ್ ಢಮಾರ್. 2020ರಲ್ಲಿ ಆಪಲ್ ತನ್ನ ಗ್ರಾಹಕರಿಗೆ ಒಂದು ಸೂಚನೆಯನ್ನೇ ಕೊಟ್ಟಿತ್ತು, ಕ್ಯಾಮೆರಾ ಮೇಲೆ ಮುಚ್ಚಳ ಅಂಟಿಸಿ ಲ್ಯಾಪ್‌ಟಾಪ್ ಮುಚ್ಚಬೇಡಿ, ಸ್ಕ್ರೀನ್ ಹಾಳಾಗಬಹುದು ಅಂತ. ಯೋಚನೆ ಮಾಡಿ, ಒಂದು ಸ್ಟಿಕರ್‌ನಂಥ ಮುಚ್ಚಳಕ್ಕೂ ಜಾಗ ಇಲ್ಲ!

ಕೀಬೋರ್ಡ್ ಕಥೆ ಎಲ್ಲಕ್ಕಿಂತ ಮಜವಾಗಿದೆ. ಕೀಲಿ ಒತ್ತಿದಾಗ ಅದು ಎಷ್ಟು ಆಳಕ್ಕೆ ಹೋಗುತ್ತೆ ಅನ್ನೋದು ಬೆರಳಿಗೆ ಮುಖ್ಯ. ಹಳೇ ಲ್ಯಾಪ್‌ಟಾಪ್‌ಗಳಲ್ಲಿ ಅದು ಎರಡು ಮಿಲಿಮೀಟರ್‌ಗೂ ಹೆಚ್ಚಿರುತ್ತಿತ್ತು. ಆಮೇಲೆ ಒಂದೂವರೆ ಆಯ್ತು. ಆಪಲ್ 2015ರಲ್ಲಿ 13.1 ಮಿಲಿಮೀಟರ್ ದಪ್ಪದ 12 ಇಂಚಿನ ಮ್ಯಾಕ್‌ಬುಕ್ ತಂದಾಗ ಅದಕ್ಕಾಗಿ 'ಬಟರ್‌ಫ್ಲೈ' ಅನ್ನೋ ಹೊಸ ಕೀಬೋರ್ಡ್ ಮಾಡಿತು. ಕೀಲಿ ಇಳಿಯೋದು ಅರ್ಧ ಮಿಲಿಮೀಟರ್ ಆಸುಪಾಸು. ಅಂದ್ರೆ ಮೇಜನ್ನ ಕುಟ್ಟಿದ ಹಾಗೆ. ಅದಕ್ಕಿಂತ ಕೆಟ್ಟದ್ದು, ಒಂದು ಕಣ ಧೂಳು ಹೋದರೆ ಕೀಲಿ ಕಚ್ಚಿಕೊಳ್ತಿತ್ತು, ಇಲ್ಲಾ ಒಂದು ಸಲ ಒತ್ತಿದರೆ ಎರಡು ಅಕ್ಷರ ಬೀಳ್ತಿತ್ತು. ಒಂದು ಕೀಲಿ ಹಾಳಾದರೆ ಮೇಲಿನ ಇಡೀ ಭಾಗವನ್ನ ಬ್ಯಾಟರಿ ಸಮೇತ ಬದಲಾಯಿಸಬೇಕು. 2018ರಲ್ಲಿ ಕಂಪನಿ ಉಚಿತ ದುರಸ್ತಿ ಯೋಜನೆ ಘೋಷಿಸಬೇಕಾಯ್ತು. 2022ರಲ್ಲಿ ಅಮೆರಿಕದ ಕೋರ್ಟಿನಲ್ಲಿ 5 ಕೋಟಿ ಡಾಲರ್‌ಗೆ ರಾಜಿ ಮಾಡಿಕೊಳ್ಳಲು ಒಪ್ಪಿತು. ಒಂದೂವರೆ ಮಿಲಿಮೀಟರ್ ಉಳಿಸೋಕೆ ಹೋಗಿ!

ಅಂದಹಾಗೆ, ಕನ್ನಡದಲ್ಲಿ ಟೈಪ್ ಮಾಡುವವರಿಗೆ ಕೀಬೋರ್ಡ್ ಮೇಲೆ ಕೆಲಸ ಹೆಚ್ಚು. ನುಡಿಯಲ್ಲಿ ಒಂದು ಒತ್ತಕ್ಷರ ಬರಬೇಕಾದರೆ ನಡುವೆ 'ಎಫ್' ಒತ್ತಬೇಕು. 'ಪ್ರಜಾಪ್ರಭುತ್ವ' ಅಂತ ಬರೆಯೋದರೊಳಗೆ ಮೂರು ಸಲ ಆ ಕೀಲಿ ಕುಟ್ಟಿರ್ತೀವಿ. ನಮ್ಮ ಡೆಸ್ಕ್‌ನಲ್ಲಿ ಸ್ಕ್ರಿಪ್ಟ್ ಬರೆಯುವ ಹುಡುಗರ ಲ್ಯಾಪ್‌ಟಾಪ್ ನೋಡಿ, ಮೊದಲು ಸವೆಯೋದು ಅದೇ 'ಎಫ್'. ತೆಳು ಕೀಬೋರ್ಡ್ ವಿನ್ಯಾಸ ಮಾಡಿದ ಪುಣ್ಯಾತ್ಮರು ಯಾರೂ 'ತ್ವ' ಬರೆದಿರಲಾರರು.

ಈಗ ನನಗೆ ನಿಜವಾಗಿ ಸಿಟ್ಟು ತರಿಸಿದ ವಿಷಯಕ್ಕೆ ಬರ್ತೀನಿ. ಕನ್ವರ್ಟರ್ ಇಲ್ಲದಿದ್ದರೆ ಇನ್ನೂರು ಮುನ್ನೂರು ರೂಪಾಯಿಗೆ ಸಿಗುತ್ತೆ, ಹೋಗ್ಲಿ. ಬೆಸುಗೆ ಹಾಕಿದ ರ‍್ಯಾಮ್‌ಗೆ ಏನು ಮಾಡ್ತೀರಿ?

ಚನ್ನಗಿರಿ ಕಡೆ ನಮ್ಮ ಸೋದರತ್ತೆ ಮನೆ. ಮಾವನದ್ದು ಒಂದಿಷ್ಟು ಅಡಿಕೆ ತೋಟ. ಮಗಳಿಗೆ ಕಂಪ್ಯೂಟರ್ ಸೈನ್ಸ್ ಸೀಟ್ ಸಿಕ್ಕಿದ ವರ್ಷ ಅಡಿಕೆ ಮಾರಿದ ದುಡ್ಡಿನಲ್ಲಿ ಲ್ಯಾಪ್‌ಟಾಪ್ ಕೊಡಿಸಿದರು. ಅಂಗಡಿಯವನು ಎರಡು ಬೆರಳಲ್ಲಿ ಎತ್ತಿ ತೋರಿಸಿದ್ದ, "ಎಷ್ಟು ಸ್ಲಿಮ್ ಇದೆ ನೋಡಿ ಸಾರ್, ಮಗಳಿಗೆ ಹೊರೋಕೆ ಸುಲಭ." ನಿಜ, ಹೊರೋಕೆ ಸುಲಭವೇ. 8 ಜಿಬಿ ರ‍್ಯಾಮ್. ಎರಡು ವರ್ಷ ಚೆನ್ನಾಗಿ ಓಡಿತು. ಮೂರನೇ ವರ್ಷ ಆ್ಯಂಡ್ರಾಯ್ಡ್ ಸ್ಟುಡಿಯೋ ಹಾಕಿಕೊಂಡು ಪ್ರಾಜೆಕ್ಟ್ ಶುರು ಮಾಡಿದಳು ನೋಡಿ, ಒಂದು ಪ್ರೋಗ್ರಾಂ ತೆರೆದರೆ ಇನ್ನೊಂದು ಮಲಗುತ್ತೆ. ಪಕ್ಕದಲ್ಲಿ ಬ್ರೌಸರ್ ತೆರೆದರೆ ಎರಡೂ ಮಲಗುತ್ತವೆ. ಇನ್ನೊಂದು 8 ಜಿಬಿ ಹಾಕಿಸಿದರೆ ಮುಗೀತು, ಒಂದು ಸ್ಕ್ರೂ ಡ್ರೈವರ್, ಹತ್ತು ನಿಮಿಷದ ಕೆಲಸ. ನಾವು ಓದುವಾಗ ಹಾಸ್ಟೆಲ್ ರೂಮಿನಲ್ಲೇ ಮಾಡಿಕೊಳ್ತಿದ್ವಿ.

ಮಾವ ಬೆಂಗಳೂರಿಗೆ ಬಂದಾಗ ಅದನ್ನೂ ಹೊತ್ತು ತಂದರು. ಎಸ್‌ಪಿ ರೋಡಿಗೆ ಕರೆದುಕೊಂಡು ಹೋದೆ. ಅಲ್ಲಿ ಸಿಗದ ಬಿಡಿಭಾಗ ಇಲ್ಲ, ಬಿಚ್ಚದ ಯಂತ್ರ ಇಲ್ಲ. ಎರಡಡಿ ಅಗಲದ ಕೌಂಟರ್ ಹಿಂದೆ ಕೂತ ಹುಡುಗ ಹಿಂದಿನ ಕವರ್ ಬಿಚ್ಚಿ, ಟಾರ್ಚ್ ಬಿಟ್ಟು, ಯಂತ್ರವನ್ನ ನಮ್ಮ ಕಡೆ ತಿರುಗಿಸಿದ. "ಸಾರ್, ಸ್ಲಾಟೇ ಇಲ್ಲ. ಎಲ್ಲಾ ಬೋರ್ಡ್ ಮೇಲೇ ಸೋಲ್ಡರ್. ರ‍್ಯಾಮ್ ಬೇಕು ಅಂದ್ರೆ ಬೋರ್ಡೇ ಚೇಂಜ್ ಮಾಡ್ಬೇಕು. ಆ ದುಡ್ಡಿಗೆ ಹೊಸದೇ ಬರುತ್ತೆ." ಬ್ಯಾಟರಿ ನೋಡಿದ, ಅದು ಆಗಲೇ ಸ್ವಲ್ಪ ಉಬ್ಬಿತ್ತು. ಗಮ್ ಹಾಕಿ ಅಂಟಿಸಿದ್ದರು. ಅದನ್ನ ಎಬ್ಬಿಸೋಕೆ ಅವನಿಗೇ ಭಯ, ತೂತಾದರೆ ಬೆಂಕಿ.

ಮಾವ ಸ್ವಲ್ಪ ಹೊತ್ತು ಸುಮ್ಮನೆ ನಿಂತಿದ್ದರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು, "ತೋಟದ ಪಂಪ್‌ಸೆಟ್ಟು ಹದಿನೈದು ವರ್ಷದಿಂದ ಐತೆ ಕಣಪ್ಪಾ. ಮೂರು ಸಲ ರಿವೈಂಡಿಂಗ್ ಮಾಡ್ಸಿದೀನಿ, ಇನ್ನೂ ನೀರು ಎತ್ತುತ್ತೆ. ನಿಮ್ಮ ಇಂಜಿನಿಯರುಗಳು ಮಾಡಿರೋದು ಒಂದು ಡಿಗ್ರಿ ಮುಗಿಯೋಗಂಟ ಬಾಳಿಕೆ ಬರಲ್ವಾ?" ನಾನು ಟಿವಿಯಲ್ಲಿ ಮಂತ್ರಿಗಳಿಗೆ ಪ್ರಶ್ನೆ ಕೇಳುವವನು. ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಹುಡುಗಿ ಆ ಸೆಮಿಸ್ಟರ್ ಪ್ರಾಜೆಕ್ಟನ್ನ ಗೆಳತಿಯ ಲ್ಯಾಪ್‌ಟಾಪ್‌ನಲ್ಲಿ ಮುಗಿಸಿದಳು. ಅದು ಖಾಲಿ ಇದ್ದಾಗ. ಅಂದ್ರೆ ರಾತ್ರಿ ಹನ್ನೊಂದರ ಮೇಲೆ.

ನ್ಯಾಯವಾಗಿ ಇನ್ನೊಂದು ಕಡೆಯ ಮಾತೂ ಹೇಳಬೇಕು. ರ‍್ಯಾಮ್ ಬೆಸುಗೆ ಹಾಕೋದು ಬರೀ ದುರುದ್ದೇಶ ಅಲ್ಲ. ಕಡಿಮೆ ವಿದ್ಯುತ್ ಬಳಸುವ ಹೊಸ ಬಗೆಯ ರ‍್ಯಾಮ್ ಪ್ರೊಸೆಸರ್‌ಗೆ ತೀರಾ ಹತ್ತಿರ ಇದ್ದಷ್ಟೂ ವೇಗವಾಗಿ, ಕಮ್ಮಿ ಕರೆಂಟಿನಲ್ಲಿ ಕೆಲಸ ಮಾಡುತ್ತೆ. ಹಳೇ ಮಾದರಿಯ ಸ್ಲಾಟ್‌ನಲ್ಲಿ ಅದು ಸಾಧ್ಯ ಆಗ್ತಿರಲಿಲ್ಲ. ಆದರೆ 2023ರ ಕೊನೆಗೆ ಅದಕ್ಕೂ ಹೊಸ ಮಾನದಂಡ ಬಂತು, ಕ್ಯಾಮ್2 ಅಂತ. ಸ್ಕ್ರೂ ಹಾಕಿ ಕೂರಿಸುವ ಚಪ್ಪಟೆ ರ‍್ಯಾಮ್. 2024ರಲ್ಲಿ ಲೆನೊವೊ ತನ್ನ ಒಂದು ಥಿಂಕ್‌ಪ್ಯಾಡ್‌ನಲ್ಲಿ ಅದನ್ನ ಹಾಕಿಯೂ ತೋರಿಸಿತು. ಅಂದರೆ ದಾರಿ ಇದೆ. ಹುಡುಕುವ ಮನಸ್ಸು ಬೇಕು ಅಷ್ಟೇ.

ಮನಸ್ಸಿನ ಮಾತು ಯಾಕೆ ಹೇಳಿದೆ ಅಂದ್ರೆ, ಇದೇ ಲೆನೊವೊದ ಮೂರು ಯಂತ್ರಗಳನ್ನ ಪಕ್ಕಪಕ್ಕ ಇಟ್ಟು ನೋಡಿ. 2018ರ ಥಿಂಕ್‌ಪ್ಯಾಡ್ ಟಿ480. ದಪ್ಪ 19.95 ಮಿಲಿಮೀಟರ್. ಎರಡು ರ‍್ಯಾಮ್ ಸ್ಲಾಟ್. ಎರಡು ಬ್ಯಾಟರಿ, ಒಂದು ಒಳಗೆ, ಒಂದು ಹಿಂಬದಿಯಲ್ಲಿ. ಹಿಂದಿನದು ಖಾಲಿಯಾದರೆ ಯಂತ್ರ ಆಫ್ ಮಾಡದೆಯೇ ಕಿತ್ತು ಇನ್ನೊಂದು ಸಿಕ್ಕಿಸಬಹುದು, ಅಷ್ಟು ಹೊತ್ತು ಒಳಗಿನದು ನೋಡಿಕೊಳ್ಳುತ್ತೆ. ಚುನಾವಣಾ ಕಾಲದಲ್ಲಿ ದಿನವಿಡೀ ಊರೂರು ಸುತ್ತುವ ವರದಿಗಾರನಿಗೆ ಇದಕ್ಕಿಂತ ಭಾಗ್ಯ ಬೇಕಾ? ಮರುವರ್ಷ ಟಿ490 ಬಂತು. 17.9 ಮಿಲಿಮೀಟರ್. ಎರಡು ಮಿಲಿಮೀಟರ್ ಕಡಿಮೆ ಆಯ್ತು, ಹಿಂಬದಿಯ ಬ್ಯಾಟರಿ ಹೋಯ್ತು, ಒಂದು ರ‍್ಯಾಮ್ ಸ್ಲಾಟ್ ಹೋಯ್ತು. ಸರಿ, ತೆಳ್ಳಗಾಗಬೇಕಲ್ಲ, ಬೇರೆ ದಾರಿ ಇರಲಿಲ್ಲವೇನೋ ಅಂದುಕೊಂಡ್ವಿ. ಆದರೆ 2024ರಲ್ಲಿ ಟಿ14 ಐದನೇ ಪೀಳಿಗೆ ಅಂತ ತಂದರು ನೋಡಿ. ಇದು ಟಿ490ಗಿಂತ ದಪ್ಪ ಏನಿಲ್ಲ. ಆದರೂ ಎರಡು ರ‍್ಯಾಮ್ ಸ್ಲಾಟ್ ವಾಪಸ್ ಬಂದಿವೆ, ಬ್ಯಾಟರಿಯನ್ನ ಗ್ರಾಹಕರೇ ಬದಲಾಯಿಸಬಹುದು. ಯಂತ್ರಗಳನ್ನ ಬಿಚ್ಚಿ ಅಂಕ ಕೊಡುವ ಐಫಿಕ್ಸಿಟ್ ಸಂಸ್ಥೆಯನ್ನ ವಿನ್ಯಾಸದ ಹಂತದಲ್ಲೇ ಕೂರಿಸಿಕೊಂಡು ಮಾಡಿದ್ದರು, 10ಕ್ಕೆ 9 ಅಂಕ ಬಂತು. ಹಾಗಾದರೆ ನಡುವಿನ ಐದು ವರ್ಷ ಆ ಸ್ಲಾಟ್ ಎಲ್ಲಿ ಹೋಗಿತ್ತು ಸ್ವಾಮಿ? ಕ್ಯಾಲಿಫೋರ್ನಿಯಾದಲ್ಲಿ ನೀರವ್ ಪಟೇಲ್ ಶುರು ಮಾಡಿದ ಫ್ರೇಮ್‌ವರ್ಕ್ ಕಂಪನಿ 2021ರಲ್ಲೇ 15.85 ಮಿಲಿಮೀಟರ್ ದಪ್ಪದ, 1.3 ಕೆಜಿಯ ಲ್ಯಾಪ್‌ಟಾಪ್‌ನಲ್ಲಿ ರ‍್ಯಾಮ್, ಬ್ಯಾಟರಿ, ಸ್ಕ್ರೀನ್, ಕೀಬೋರ್ಡ್, ಕೊನೆಗೆ ಪಕ್ಕದ ಪೋರ್ಟ್‌ಗಳನ್ನೂ ಬಳಸುವವರೇ ಬಿಚ್ಚಿ ಹಾಕುವ ಹಾಗೆ ಮಾಡಿ ತೋರಿಸಿತ್ತು. ತೆಳ್ಳಗೆ ಮಾಡೋದು ತಪ್ಪಲ್ಲ. ತೆಳ್ಳಗೆ ಮಾಡುವಾಗ ಮೊದಲು ಯಾರ ಕತ್ತು ಕುಯ್ತೀರಿ ಅನ್ನೋದು ಪ್ರಶ್ನೆ. ಇಷ್ಟು ವರ್ಷ ಕುಯ್ದಿದ್ದು ದುರಸ್ತಿಯ ಕತ್ತು.

"ಆದ್ರೂ ಸಾರ್, ಬಸ್ಸಲ್ಲಿ, ಮೆಟ್ರೋದಲ್ಲಿ ಹೊತ್ಕೊಂಡು ಓಡಾಡ್ಬೇಕು, ಹಗುರ ಬೇಡ್ವಾ?" ಅಂತ ಕೇಳ್ತೀರಿ. ಬೇಕು. ಖಂಡಿತ ಬೇಕು. ಆದರೆ ತೆಳು ಬೇರೆ, ಹಗುರ ಬೇರೆ. ಇದನ್ನ ಕಂಪನಿಗಳು ಜಾಣತನದಿಂದ ಒಂದೇ ಮಾಡಿ ಮಾರಿವೆ. ಹೆಗಲಿಗೆ ನೋವಾಗೋದು ತೂಕದಿಂದ. ಎರಡು ಮಿಲಿಮೀಟರ್ ದಪ್ಪದಿಂದ ಯಾರ ಹೆಗಲೂ ನೋಯಲ್ಲ. ಎಲ್‌ಜಿಯ ಗ್ರಾಮ್ ನೋಡಿ, 17 ಇಂಚಿನ ಸ್ಕ್ರೀನ್, ತೂಕ ಸುಮಾರು 1.35 ಕೆಜಿ. ಮೆಗ್ನೀಸಿಯಂ ಮಿಶ್ರಲೋಹದ ಮೈ. ಅದಕ್ಕಿಂತ ಮಜಾ ಜಪಾನಿನ ಪ್ಯಾನಸಾನಿಕ್‌ನ 'ಲೆಟ್ಸ್ ನೋಟ್'. ಟೋಕಿಯೋದ ರೈಲಿನಲ್ಲಿ ಒಬ್ಬರ ಮೇಲೊಬ್ಬರು ಬಿದ್ದು ಹೋಗುವ ಆಫೀಸಿನವರಿಗೆ ಅಂತಲೇ ಮಾಡಿದ್ದು. ಒತ್ತಡ ತಡೆಯಲಿ ಅಂತ ಮುಚ್ಚಳಕ್ಕೆ ಕಾರಿನ ಬಾನೆಟ್ ಥರ ಉಬ್ಬು ಕೊಟ್ಟಿದ್ದಾರೆ. ಅದರ ಎಸ್‌ವಿ ಸರಣಿ 12 ಇಂಚಿನದ್ದು, ದಪ್ಪ 24 ಮಿಲಿಮೀಟರ್ ಮೇಲೆ. ಅಯ್ಯೋ ಇಷ್ಟು ದಪ್ಪವಾ ಅನ್ನಬೇಡಿ, ತೂಕ ಸುಮಾರು 1 ಕೆಜಿ. ಅಷ್ಟರಲ್ಲಿ ಲ್ಯಾನ್ ಇದೆ, ಎಚ್‌ಡಿಎಂಐ ಇದೆ, ಹಳೇ ಪ್ರೊಜೆಕ್ಟರ್‌ಗೆ ವಿಜಿಎ ಕೂಡ ಇದೆ, ಎಸ್‌ಡಿ ಕಾರ್ಡ್ ಸ್ಲಾಟ್ ಇದೆ, ಬ್ಯಾಟರಿ ಕೈಯಲ್ಲೇ ಕಿತ್ತು ಹಾಕಬಹುದು. ಕೆಲವು ಮಾದರಿಗಳಲ್ಲಿ ಡಿವಿಡಿ ಡ್ರೈವ್ ಕೂಡ! ದುಬಾರಿ, ಚೆಲುವೆ ಏನಲ್ಲ, ನೋಡೋಕೆ ಟಿಫಿನ್ ಡಬ್ಬಿ ಥರ. ಆದರೆ ಕೆಲಸಗಾತಿ.

ಹಾಗಾದರೆ ಎಲ್ಲರೂ ಯಾಕೆ ಹೀಗೆ ಮಾಡಲ್ಲ? ಯಾಕೆಂದರೆ ಲ್ಯಾಪ್‌ಟಾಪ್ ಮಾರಾಟ ಆಗೋದು ಶೋರೂಮಿನ ಎರಡು ನಿಮಿಷದಲ್ಲಿ. ಆ ಎರಡು ನಿಮಿಷದಲ್ಲಿ ಬ್ಯಾಟರಿ ಉಬ್ಬಲ್ಲ. ರ‍್ಯಾಮ್ ಸಾಲದೆ ಹೋಗಲ್ಲ. ಎಸಿ ಇರುತ್ತೆ, ಬಿಸಿ ಆಗಲ್ಲ. ಪ್ರೊಜೆಕ್ಟರ್‌ಗೆ ಯಾರೂ ಜೋಡಿಸಲ್ಲ. ಕಣ್ಣಿಗೆ ಕಾಣೋದು, ಕೈಗೆ ಸಿಗೋದು ಒಂದೇ, ದಪ್ಪ. ಮೇಲಾಗಿ ಅಂಗಡಿಯಲ್ಲಿ 8 ಜಿಬಿ, 16 ಜಿಬಿ ನಡುವೆ ಈಗಲೇ ಆರಿಸಿ ಅಂದ್ರೆ, ಮುಂದೆ ಹಾಕಿಸಿಕೊಳ್ಳೋಕೆ ಆಗಲ್ಲ ಅನ್ನೋ ಭಯಕ್ಕೆ ನೀವು ಕಂಪನಿ ಹೇಳಿದ ರೇಟಿಗೇ ಹೆಚ್ಚಿನದನ್ನ ತಗೊಳ್ತೀರಿ. ಸ್ಲಾಟ್ ಇದ್ದಿದ್ದರೆ ಆ ದುಡ್ಡು ಎಸ್‌ಪಿ ರೋಡಿನ ಹುಡುಗನಿಗೆ, ಅದೂ ಕಮ್ಮಿ ದುಡ್ಡು, ಹೋಗುತ್ತಿತ್ತು.

ಗಲಾಟೆ ಮಾಡಿದರೆ ಕಂಪನಿ ಕೇಳುತ್ತೆ ಅನ್ನೋದಕ್ಕೂ ಆಪಲ್ಲೇ ಸಾಕ್ಷಿ. 2016ರ ಮ್ಯಾಕ್‌ಬುಕ್ ಪ್ರೋನಲ್ಲಿ ಎಚ್‌ಡಿಎಂಐ, ಎಸ್‌ಡಿ ಕಾರ್ಡ್ ಸ್ಲಾಟ್, ಆಯಸ್ಕಾಂತದ ಚಾರ್ಜರ್ ಎಲ್ಲಾ ಕಿತ್ತರು. 15 ಇಂಚಿನದ್ದು 18ರಿಂದ 15.5 ಮಿಲಿಮೀಟರ್‌ಗೆ ಇಳೀತು. ಜನ ಎಷ್ಟು ಬೈದರು ಅಂದ್ರೆ, ಮರುವಾರವೇ ಕನ್ವರ್ಟರ್‌ಗಳ ಬೆಲೆ ಇಳಿಸಬೇಕಾಯ್ತು, 19 ಡಾಲರ್‌ನದ್ದು ಆ ವರ್ಷದ ಕೊನೆವರೆಗೆ 9 ಡಾಲರ್. ಐದು ವರ್ಷ ಫೋಟೋಗ್ರಾಫರ್‌ಗಳು, ವಿಡಿಯೋ ಎಡಿಟರ್‌ಗಳು ಬೈಯುತ್ತಲೇ ಇದ್ದರು. 2021ರ ಅಕ್ಟೋಬರ್‌ನಲ್ಲಿ ಮೂರೂ ವಾಪಸ್ ಬಂದವು. 16 ಇಂಚಿನ ಆ ಯಂತ್ರದ ದಪ್ಪ 16.8 ಮಿಲಿಮೀಟರ್. ದಪ್ಪ ಆಯ್ತು ಅಂತ ಯಾರಾದರೂ ಅತ್ತರಾ? ಯಾರೂ ಇಲ್ಲ. ರ‍್ಯಾಮ್ ಮಾತ್ರ ಅವರು ಇವತ್ತಿಗೂ ಬಿಟ್ಟುಕೊಟ್ಟಿಲ್ಲ, ಅದು ಬೇರೆ ಮಾತು.

ಸರ್ಕಾರಗಳೂ ಕಣ್ಣು ಬಿಟ್ಟಿವೆ. ಫ್ರಾನ್ಸ್‌ನಲ್ಲಿ 2021ರ ಜನವರಿಯಿಂದ ಲ್ಯಾಪ್‌ಟಾಪ್ ಮೇಲೆ 10ಕ್ಕೆ ಇಷ್ಟು ಅಂತ ದುರಸ್ತಿ ಅಂಕ ಅಂಟಿಸಬೇಕು. ಬಿಚ್ಚೋದು ಎಷ್ಟು ಸುಲಭ, ಬಿಡಿಭಾಗ ಸಿಗುತ್ತಾ, ಅದರ ಬೆಲೆ ಎಷ್ಟು, ಎಲ್ಲಾ ಲೆಕ್ಕ ಅದರಲ್ಲಿ ಬರುತ್ತೆ. ಯುರೋಪ್ ಒಕ್ಕೂಟದ 2023ರ ಬ್ಯಾಟರಿ ನಿಯಮದ ಪ್ರಕಾರ 2027ರ ಫೆಬ್ರುವರಿಯಿಂದ, ಕೆಲವು ವಿನಾಯಿತಿ ಬಿಟ್ಟು, ಇಂಥ ಸಾಧನಗಳ ಬ್ಯಾಟರಿಯನ್ನ ಬಳಸುವವರೇ ತೆಗೆದು ಹಾಕುವಂತಿರಬೇಕು. ನಮ್ಮ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆಯೂ 2022ರ ಜುಲೈನಲ್ಲಿ 'ದುರಸ್ತಿಯ ಹಕ್ಕು' ಕುರಿತು ಸಮಿತಿ ಮಾಡಿತು, ಅದೇ ಡಿಸೆಂಬರ್‌ನಲ್ಲಿ ಪೋರ್ಟಲ್ ಶುರು ಮಾಡಿತು. ಕೃಷಿ ಉಪಕರಣ, ಮೊಬೈಲ್ ಮತ್ತು ಎಲೆಕ್ಟ್ರಾನಿಕ್ಸ್, ಗೃಹೋಪಯೋಗಿ ವಸ್ತು, ವಾಹನ, ಈ ನಾಲ್ಕು ವಲಯ ಅದರಲ್ಲಿವೆ. ಒಳ್ಳೇದೇ. ಆದರೆ ಪೋರ್ಟಲ್‌ಗೆ ಹೋಗಿ ಓದಿ ಲ್ಯಾಪ್‌ಟಾಪ್ ತಗೊಳ್ಳೋರು ಎಷ್ಟು ಜನ? ಫ್ರಿಡ್ಜ್ ಬಾಗಿಲ ಮೇಲೆ ಕರೆಂಟ್ ಉಳಿತಾಯದ ಸ್ಟಾರ್ ಇದ್ದ ಹಾಗೆ, ದುರಸ್ತಿಯ ಅಂಕವೂ ಅಂಗಡಿಯಲ್ಲೇ, ಯಂತ್ರದ ಮೇಲೇ, ಮಾವನ ಕಣ್ಣಿಗೆ ಕಾಣೋ ಹಾಗೆ ಇರಬೇಕು.

ಪ್ರತಿ ವರ್ಷ ಸಿಇಟಿ ಕೌನ್ಸೆಲಿಂಗ್ ಹೊತ್ತಿಗೆ ನನಗೆ ಬರುವ ಮೆಸೇಜ್‌ಗಳಲ್ಲಿ ಅರ್ಧ ರಾಜಕೀಯದ ಬೈಗುಳ, ಉಳಿದರ್ಧ "ಮಗನಿಗೆ ಯಾವ ಲ್ಯಾಪ್‌ಟಾಪ್ ಕೊಡಿಸಲಿ?" ನಾನು ಕಂಪನಿ ಹೆಸರು ಹೇಳಲ್ಲ. ಅಂಗಡಿಯವನ ಹತ್ತಿರ ಇಷ್ಟು ಕೇಳಿ ಅಂತೀನಿ. ಇದರಲ್ಲಿ ರ‍್ಯಾಮ್ ಸ್ಲಾಟ್ ಇದೆಯಾ, ಎಷ್ಟು ಖಾಲಿ ಇದೆ? ಸ್ಲಾಟ್ ಇಲ್ಲ ಅಂದ್ರೆ 16 ಜಿಬಿಗಿಂತ ಕಡಿಮೆ ತಗೋಬೇಡಿ. ಬ್ಯಾಟರಿ ಸ್ಕ್ರೂನಲ್ಲಿ ನಿಂತಿದೆಯಾ, ಅಂಟಿನಲ್ಲಾ? ಕಾಲೇಜಿನ ಸೆಮಿನಾರ್ ಹಾಲ್‌ನ ಪ್ರೊಜೆಕ್ಟರ್‌ಗೆ ಹಾಗೇ ಜೋಡಿಸಬಹುದಾ? ಅವನಿಗೆ ಗೊತ್ತಿರಲ್ಲ, ಬೈಬೇಡಿ ಪಾಪ, ಅವನಿಗೆ ಹೇಳಿಕೊಟ್ಟಿರೋದು ಎರಡು ಬೆರಳಲ್ಲಿ ಎತ್ತಿ ತೋರಿಸೋದು ಮಾತ್ರ. ಡೆಲ್, ಎಚ್‌ಪಿ, ಲೆನೊವೊದಂಥ ಕಂಪನಿಗಳು ಹಲವು ಮಾದರಿಗಳ, ಅದರಲ್ಲೂ ಆಫೀಸು ಬಳಕೆಯ ಸರಣಿಗಳ, ದುರಸ್ತಿ ಕೈಪಿಡಿಯನ್ನ ತಮ್ಮ ವೆಬ್‌ಸೈಟ್‌ನಲ್ಲೇ ಇಟ್ಟಿರುತ್ತವೆ, ಬಿಟ್ಟಿ. ಮಾದರಿಯ ಹೆಸರು ಹಾಕಿ ಹುಡುಕಿದರೆ ಸಿಗುತ್ತೆ. ಅದರಲ್ಲಿ ಹಿಂದಿನ ಕವರ್ ಬಿಚ್ಚಿದ ಚಿತ್ರ ಇರುತ್ತೆ. ಬಿಲ್ ಮಾಡಿಸೋಕೆ ಮುಂಚೆ ಅಂಗಡಿಯಲ್ಲೇ ನಿಂತು ಮೊಬೈಲ್‌ನಲ್ಲಿ ಆ ಒಂದು ಚಿತ್ರ ತೆಗೆದು ನೋಡಿ. ಎಸ್‌ಪಿ ರೋಡಿನ ಹುಡುಗ ಮೂರು ವರ್ಷ ಆದಮೇಲೆ ಟಾರ್ಚ್ ಬಿಟ್ಟು ತೋರಿಸೋದೂ ಅದನ್ನೇ.